ಬಂದರದಿಂದ ಎಪ್ಪತ್ತು

ನಮ್ಮ ಅತ್ತೆಯ ಬಾಯಿ ಕೆಟ್ಟದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದನ್ನು ಓದಿದ ಮೇಲೆ ನೀವೆಲ್ಲ ಅವಳ ಪರ ನಿಲ್ಲುತ್ತೀರಿ ಅಂತ ಗೊತ್ತು. ನಿಲ್ಲಿ, ಬೇಡ ಅನ್ನುವುದಿಲ್ಲ. ಆದರೆ ಅವಳು ಪಾಪದ ಮುದುಕಿಯಾಗಿರಲಿಲ್ಲ. ಅಪ್ಪನ ಅಕ್ಕ ಅವಳು. ಗಂಡ ಸತ್ತ ಮೇಲೆ ಧಾರವಾಡ ಬಿಟ್ಟು ಪುಣೆಗೆ, ಕೋಥರೂಡದ ನಮ್ಮ ಫ್ಲ್ಯಾಟಿಗೆ ಬಂದಳು; ಬಂದವಳು ನಲವತ್ತು ವರ್ಷ ಅಲ್ಲೇ ಇದ್ದಳು. ನಾನು ಆರನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ನನ್ನ ಜಡೆ ಹೆಣೆದವಳು, ಡಬ್ಬಿ ಕಟ್ಟಿದವಳು, ಜ್ವರ ಬಂದರೆ ರಾತ್ರಿಯೆಲ್ಲ ಕೂತವಳು ಇವಳೇ. ಜಡೆ ಹೆಣೆಯುವಾಗ ಕೂದಲು ಜಗ್ಗಿ 'ನಿಮ್ಮವ್ವನ ಹಂಗ ಇಲಿಬಾಲ ಇದು' ಅನ್ನುವವಳೂ ಇವಳೇ. ಅವ್ವ ಸತ್ತು ತಿಂಗಳಾಗಿರಲಿಲ್ಲ ಆಗ.

ಆ ಫ್ಲ್ಯಾಟಿನ ಹಾಲಿನಲ್ಲಿ, ಬೇರೆಯವರ ಮನೆಯಲ್ಲಿ ದೇವರ ಫೋಟೋ ಇರುವ ಕಡೆ, ನಮ್ಮಲ್ಲಿ ಒಂದು ರೈಲುಹಾದಿಯ ನಕಾಶೆ ಇತ್ತು. ನಾಲ್ಕು ಫೂಟು ಉದ್ದ. ಅಪ್ಪ ಬರೆದದ್ದು. ಅಪ್ಪ ಭೋಸರಿಯ ಒಂದು ಕಾರಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಹಗಲೆಲ್ಲ ಯಂತ್ರದ ಬಿಡಿಭಾಗಗಳ ಚಿತ್ರ ಬರೆದು, ಭಾನುವಾರ ಮನೆಯಲ್ಲಿ ಈ ಹಾದಿಯನ್ನು ಬರೆಯುತ್ತಿದ್ದರು. ಗೋವೆಯ ಬಂದರದಿಂದ ಹೊರಟು ಘಟ್ಟ ಹತ್ತಿ, ಕ್ಯಾಸಲ್‌ರಾಕಿನಲ್ಲಿ ಈಚೆ ಬಂದು, ಲೋಂಡಾ, ಅಳ್ನಾವರ ದಾಟಿ ಧಾರವಾಡದ ಕಡೆ ಬರುವ ಹಾದಿ. ಪ್ರತಿ ಸೇತುವೆ, ಪ್ರತಿ ಸುರಂಗ, ಹಳಿ ಕಾಯುವ ಗ್ಯಾಂಗಿನವರು ಇರುವ ಪ್ರತಿ ಚಾಳು ಅದರಲ್ಲಿತ್ತು. ಅಕ್ಷರ ಮುತ್ತು ಪೋಣಿಸಿದ ಹಾಗೆ.

ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ಆ ಹಾದಿ ಎರಡು ದೇಶಗಳ ನಡುವೆ ಹರಿದಿತ್ತು. ಘಟ್ಟದ ಕೆಳಗೆ ಪೋರ್ಚುಗೀಸರ ರಾಜ್ಯ, ಮೇಲೆ ಇಂಗ್ರೇಜರದು, ಆಮೇಲೆ ನಮ್ಮದು. ಬಂದರ ಅವರದು, ಹತ್ತಿ ನಮ್ಮದು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗದು, ಆದರೆ ಸರಕು ಸಾಗಬೇಕು. ಹಳಿ ಹಾಕುವಾಗ ಘಟ್ಟದಲ್ಲಿ ಎಷ್ಟು ಕೂಲಿಗಳು ಸತ್ತರು ಎಂದು ಅಪ್ಪ ಹುಡುಕಿದರು, ಯಾವ ಕಾಗದದಲ್ಲೂ ಸಿಗಲಿಲ್ಲ. ಸುರಂಗಗಳ ಉದ್ದ ಮಾತ್ರ ಇಂಚಿನ ತನಕ ಸಿಕ್ಕಿತು. ಗಾಡಿ ಗಡಿಯಲ್ಲಿ ತಾಸುಗಟ್ಟಲೆ ನಿಲ್ಲುತ್ತಿತ್ತಂತೆ. ಈ ಬದಿಯವರು ಒಮ್ಮೆ ಟ್ರಂಕು ತೆಗೆಸುವುದು, ಕೆಳಗೆ ಕುಳೆಂನಲ್ಲಿ ಆ ಬದಿಯವರು ಇನ್ನೊಮ್ಮೆ. ಮುಂದೆ ಎರಡೂ ಸರಕಾರಗಳ ಜಗಳ ವಿಪರೀತಕ್ಕೆ ಹೋಗಿ ಗಾಡಿಯೇ ನಿಂತಿತು. ಗೋವೆ ನಮ್ಮದಾದ ಮೇಲೆ ಮತ್ತೆ ಓಡಿತು. ಈಗ ಜನ ಅದೇ ಹಾದಿಯಲ್ಲಿ ದೂಧಸಾಗರದ ಎದುರು ಕಿಟಕಿಯಿಂದ ಮೊಬೈಲು ಹೊರಗೆ ಚಾಚುತ್ತಾರೆ.

ನನ್ನ ಅಜ್ಜ ಆ ಹಾದಿಯ ಮೇಲೆ ಗ್ಯಾಂಗ್ ಮೇಸ್ತ್ರಿಯಾಗಿದ್ದ. ಗಾಡಿ ನಿಲ್ಲುವುದಕ್ಕೆ ಇನ್ನೂ ಕೆಲವು ವರ್ಷ ಇದ್ದಾಗಿನ ಮಾತು. ಹತ್ತಾರು ಆಳು ಕಟ್ಟಿಕೊಂಡು ಹಳಿ ತಟ್ಟುತ್ತ, ಸಡಿಲಾದ ಬೋಲ್ಟು ಬಿಗಿಯುತ್ತ, ಘಟ್ಟದ ಕೆಳಗೆ, ಗಡಿಯ ಆಚೆ ಇರುತ್ತಿದ್ದ. ಅಜ್ಜಿ ಬಸುರಿ ಇದ್ದಾಗ ಹೋದವನು ವರ್ಷವಾದರೂ ಧಾರವಾಡದ ಮನೆ ಕಡೆ ತಲೆ ಹಾಕಲಿಲ್ಲ. ಆ ಬಸುರಿನಲ್ಲಿ ಹುಟ್ಟಿದವರೇ ನನ್ನ ಅಪ್ಪ. ಅತ್ತೆಗೆ ಆಗ ಎಂಟು ವರ್ಷ, ಕನ್ನಡ ಸಾಲೆಯಲ್ಲಿ ಅಕ್ಷರ ಕಲಿತಿದ್ದಳು. ಜನ್ಮದಲ್ಲಿ ಮೊದಲ ಸಲ ಒಂದು ಕಾರ್ಡು ಬರೆದಳು: ಅಪ್ಪಾ, ತಮ್ಮ ಹುಟ್ಟ್ಯಾನ, ಲಗೂ ಬಾ. ಅದಾಗಿ ಎರಡು ವಾರಕ್ಕೆ ಮಳೆಯಲ್ಲಿ ಗುಡ್ಡ ಕುಸಿದು ಅಜ್ಜ ಸತ್ತ. ಹೆಣ ಬರಲಿಲ್ಲ, ಒಂದು ಚೀಟಿ ಬಂತು. ಆಚೆ ಬದಿಯ ಯಾವನೋ ಗುಮಾಸ್ತ ಬರೆದದ್ದು. ಅಜ್ಜನ ಹೆಸರು, ಗುಡ್ಡ ಕುಸಿದ ಸುದ್ದಿ, ಸತ್ತ ಜಾಗ. ಜಾಗದ ಮುಂದೆ ಇದ್ದದ್ದು ಇಷ್ಟೇ: ಬಂದರದಿಂದ ಎಪ್ಪತ್ತು.

ಎಪ್ಪತ್ತು ಏನು? ನಮ್ಮ ಕಡೆಯ ಮಂದಿಗೆ ಆಗ ದೂರ ಅಂದರೆ ಮೈಲು, ಬೇರೆ ಮಾತೇ ಇರಲಿಲ್ಲ. ಬಂದರದಿಂದ ಎಪ್ಪತ್ತು ಮೈಲು ಎಣಿಸಿದರೆ ಗಡಿ ದಾಟಿ, ಲೋಂಡಾ ದಾಟಿ, ಅಳ್ನಾವರದ ಕಡೆ ಐದಾರು ಕಿಲೋಮೀಟರು ಈಚೆ ಬರುತ್ತದೆ. ಅಂದರೆ ಅಜ್ಜ ಗಡಿ ದಾಟಿದ್ದ. ಕಾರ್ಡು ಕೈಗೆ ಬಿದ್ದದ್ದೇ ಹೊರಟಿದ್ದ, ಮನೆಗೆ ಎರಡು ತಾಸು ಹಾದಿ ಇದ್ದಾಗ ಸತ್ತ. ಊರಿನ ಹಿರಿಯರು ಹೀಗೆ ಲೆಕ್ಕ ಹಾಕಿ ಹೇಳಿದರು, ಅಜ್ಜಿ ಒಪ್ಪಿದಳು, ಅತ್ತೆ ಎಪ್ಪತ್ತು ವರ್ಷ ಅದನ್ನೇ ಉಂಡು ಬದುಕಿದಳು.

'ನಾ ಕರದೆ, ಅಂವ ಬಂದ,' ಅನ್ನುತ್ತಿದ್ದಳು. ಎಷ್ಟು ಸಲ ಕೇಳಿದ್ದೇನೋ. 'ನಾ ಕರೀದಿದ್ರ ಇನ್ನೂ ನಾಕ ದಿನಾ ಬದುಕತಿದ್ದ. ನಾನ ಕೊಂದೆ ಅಂದ್ರೂ ಅಡ್ಡಿಯಿಲ್ಲ. ಖರೇ ಬಂದ ನೋಡು.' ಹೇಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ಕತ್ತು ಮಾತ್ರ ನೆಟ್ಟಗಿರುತ್ತಿತ್ತು.

ಪುಣೆಯಿಂದ ಧಾರವಾಡಕ್ಕೆ ಹೋಗುವಾಗಲೆಲ್ಲ ನಮ್ಮ ಗಾಡಿ ಬೆಳಕು ಹರಿಯುವ ಹೊತ್ತಿಗೆ ಲೋಂಡಾ ಬಿಡುತ್ತಿತ್ತು. ಅತ್ತೆ ಅಷ್ಟರಲ್ಲಿ ಮುಖ ತೊಳೆದು ಸೆರಗು ಹೊದ್ದು ತಯಾರು. ಬಾಳೆಎಲೆಯಲ್ಲಿ ಕಟ್ಟಿ ತಂದ ಮೊಸರನ್ನದ ಉಂಡಿಯನ್ನು ಅಪ್ಪನ ಕೈಗೆ ಕೊಡುತ್ತಿದ್ದಳು. ಅಪ್ಪ ಬಾಗಿಲಿಗೆ ಹೋಗಿ, ಹಳಿಯ ಬದಿಯ ಕಂಬ ಎಣಿಸುತ್ತ ನಿಂತು, ಅಜ್ಜ ಸತ್ತ ಜಾಗವೆಂದು ಒಂದು ತಿರುವಿನಲ್ಲಿ ಎಸೆಯುತ್ತಿದ್ದರು. ಹಿಂದೆ ನಿಂತ ಅತ್ತೆ ಕೈಮುಗಿಯುತ್ತಿದ್ದಳು. ಸುತ್ತಲಿನ ಮಂದಿ ಹಲ್ಲುಜ್ಜುತ್ತ ನೋಡುತ್ತಿದ್ದರು. ನನಗೆ ಚಿಕ್ಕಂದಿನಲ್ಲಿ ಹೆಮ್ಮೆ, ಕಾಲೇಜಿನಲ್ಲಿ ನಾಚಿಕೆ.

ಇನ್ನು ನನ್ನ ಸಂಗತಿ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನ ಗಂಡ ಬೇರೆ ಮನೆ ಮಾಡಿದ. ಅದರಲ್ಲಿ ಕತೆ ಏನಿಲ್ಲ, ಎಲ್ಲರ ಮನೆಯಲ್ಲೂ ಆಗುವಂಥದ್ದೇ. ನಾನು ಎರಡು ಸೂಟ್‌ಕೇಸು ಹಿಡಿದು ಕೋಥರೂಡಕ್ಕೆ ವಾಪಸು ಬಂದೆ. ಅಪ್ಪ ಏನೂ ಕೇಳಲಿಲ್ಲ. ಅತ್ತೆ ಬಾಗಿಲು ತೆಗೆದು ಸೂಟ್‌ಕೇಸು ನೋಡಿ, 'ಫೋನ್ ಮಾಡಿ ಕರದೀಯೇನ ಅವನ್ನ?' ಅಂದಳು.

'ಕರದೆ ಅತ್ತಿ.'

'ಬರಲಿಲ್ಲ?'

'ಇಲ್ಲ.'

'ಹೂಂ,' ಅಂದಳು. 'ಕರದ್ರ ಬರೂವಂಥಾ ಬಾಯಿನ ಬ್ಯಾರೆ ಇರತಾವ ಬಿಡು.'

ಅವತ್ತಿನಿಂದ ಶುರು. ದಿನಾ ಅಲ್ಲ, ದಿನಾ ಅಂದಿದ್ದರೆ ರೂಢಿಯಾಗುತ್ತಿತ್ತು. ವಾರಕ್ಕೊಮ್ಮೆ, ನಾನು ಚಹಾ ಕುಡಿಯುತ್ತ ಎಲ್ಲಾ ಮರೆತು ಕೂತಾಗ. ಸೊಸೈಟಿಯ ಹೆಂಗಸರ ಮುಂದೆ ಮರಾಠಿಯಲ್ಲಿ, ಮನೆಯಲ್ಲಿ ಕನ್ನಡದಲ್ಲಿ. ತನ್ನ ಅಪ್ಪ ಗಡಿ ದಾಟಿ ಬಂದದ್ದು, ನನ್ನ ಗಂಡ ಅದೇ ಊರಿನ ಬಾಣೇರದಿಂದ ಕೋಥರೂಡಕ್ಕೆ ಬರದೇ ಹೋದದ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವಳು. ಉತ್ತರ ಕೊಡಲು ಹೋದರೆ ಅಪ್ಪ ಕಣ್ಣಿನಲ್ಲೇ ಬೇಡ ಅನ್ನುತ್ತಿದ್ದರು. ಕೂಸಾಗಿದ್ದಾಗಿನಿಂದ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅವಳು. ಅವಳ ಮುಂದೆ ಅಪ್ಪನ ಬಾಯಿಗೆ ಬೀಗ.

ಆ ಸಲ ನಮ್ಮ ಕನ್ನಡ ಸಂಘದವರು ಹಳೆಯ ಕಾಗದಪತ್ರಗಳ ಪ್ರದರ್ಶನ ಇಡುವವರಿದ್ದರು. ಅಪ್ಪನ ನಕಾಶೆ ಬೇಕೆಂದರು. ಆದರೆ ಹಾಳೆ ಹಳದಿಯಾಗಿ ಮಡಿಕೆಯಲ್ಲಿ ಬಿರಿಯುತ್ತಿತ್ತು. ನನ್ನ ಕೆಲಸ ಯೆರವಡಾದ ಒಂದು ಕಂಪನಿಯಲ್ಲಿ, ಕಂಪ್ಯೂಟರಿನಲ್ಲಿ ನಕಾಶೆ ಮಾಡುವುದೇ. ನಾನೇ ಅದನ್ನು ಹೊಸದಾಗಿ ಬರೆದುಕೊಡುತ್ತೇನೆ ಎಂದೆ. ಅಪ್ಪನ ಮುಖ ಒಂದು ನಿಮಿಷ ಹೇಗೋ ಆಯಿತು. 'ಇದ್ದದ್ದು ಇದ್ದಂಗ ಫೋಟೋ ತಗದು ಕೊಟ್ರ ಸಾಕವಾ,' ಅಂದರು. ನನಗೆ ಅಪ್ಪನಿಗಿಂತ ಚೆನ್ನಾಗಿ ಮಾಡಿ ತೋರಿಸುವ ಹುಕಿ. ಕೇಳಲಿಲ್ಲ.

ಹಾಳೆ ಸ್ಕ್ಯಾನ್ ಮಾಡಿ ಈಗಿನ ಉಪಗ್ರಹದ ಚಿತ್ರದ ಮೇಲೆ ಕೂರಿಸಿದೆ. ಅಪ್ಪನ ಕೈ ಅಂದರೆ ಕೈ. ನಿಲ್ದಾಣಗಳು ಒಂದು ಕೂದಲೂ ಆಚೀಚೆ ಇಲ್ಲ. ಆ ಹಾದಿಯನ್ನು ಎರಡು ದೇಶದವರು ಎರಡು ಅಳತೆಯಲ್ಲಿ ಅಳೆದಿದ್ದರು. ಗಡಿಯ ಈಚೆ ಮೈಲು, ಆಚೆ ಬಂದರದಿಂದ ಕಿಲೋಮೀಟರು. ಅಪ್ಪ ಎರಡನ್ನೂ ಆಯಾ ಬದಿಗೆ ನಿಯತ್ತಿನಿಂದ ಬರೆದಿದ್ದರು. ಎಲ್ಲಾ ಸರಿ ಕೂತು ಒಂದೇ ಗುರುತು ಉಳಿಯಿತು, ಅಜ್ಜ ಸತ್ತ ಜಾಗ ಎಂದು ಅಪ್ಪ ಲೋಂಡಾ ಹತ್ತಿರ ಇಟ್ಟಿದ್ದ ಕೆಂಪು ಚುಕ್ಕೆ. ಆಚೆ ಬದಿಯ ಗುಮಾಸ್ತ ಬಂದರದಿಂದ ಎಣಿಸಿ ಬರೆದದ್ದು ಎಪ್ಪತ್ತು ಮೈಲು ಹೇಗಾದೀತು? ನಾನು ಬಂದರದಿಂದ ಎಪ್ಪತ್ತು ಕಿಲೋಮೀಟರು ಎಣಿಸಿದೆ. ಗಡಿಗಿಂತ ಹನ್ನೆರಡು ಕಿಲೋಮೀಟರು ಕೆಳಗೆ, ಘಟ್ಟದ ನಡುವೆ ಹೋಗಿ ನಿಂತಿತು. ಅಲ್ಲೇ ಪಕ್ಕದಲ್ಲಿ, ಅಪ್ಪನದೇ ಅಕ್ಷರದಲ್ಲಿ, ಗ್ಯಾಂಗ್ ಚಾಳು ಎಂದಿತ್ತು. ಅಜ್ಜ ಇರುತ್ತಿದ್ದ ಚಾಳು.

ಅಜ್ಜ ಎಲ್ಲಿಗೂ ಹೊರಟಿರಲಿಲ್ಲ. ತನ್ನ ಚಾಳಿನ ಮುಂದೆ, ತನ್ನ ಪಾಲಿನ ಹಳಿಯ ಮೇಲೆ, ದಿನದ ಕೆಲಸ ಮಾಡುತ್ತ ಸತ್ತಿದ್ದ. ಹೆಣ ಯಾಕೆ ಬರಲಿಲ್ಲ ಅನ್ನುವುದೂ ಆಗ ತಿಳಿಯಿತು. ಲೋಂಡಾ ಹತ್ತಿರ ಸತ್ತಿದ್ದರೆ ಮರುದಿನವೇ ಮನೆಗೆ ತರುತ್ತಿದ್ದರು. ಆಚೆ ಸತ್ತವನ ಹೆಣಕ್ಕೆ ಎರಡು ಸರಕಾರದ ಕಾಗದ ಬೇಕು, ಮಳೆಗಾಲದಲ್ಲಿ ಯಾರು ಕಾಯುತ್ತಾರೆ?

ನನಗೆ ಆದದ್ದು ದುಃಖ ಅಲ್ಲ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಕಂಪನಿಯ ಕುರ್ಚಿಯಲ್ಲಿ ಕೂತು ಒಬ್ಬಳೇ ನಕ್ಕೆ. ಮೂರು ವಾರ ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡೆ. ಅತ್ತೆ ಒಂದೊಂದು ಮಾತು ಅಂದಾಗಲೂ 'ಅನ್ನು, ಇನ್ನೂ ಅನ್ನು' ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅಪ್ಪ ಒಂದೆರಡು ಸಲ ಬಂದು, 'ಎಲ್ಲೀತನಾ ಬಂತು?' ಎಂದು ಕೇಳಿದರು. ನಡದದ ಎಂದೆ.

ಪಿತೃಪಕ್ಷದಲ್ಲಿ ಅಜ್ಜನ ಹೆಸರಿನಲ್ಲಿ ಊಟಕ್ಕೆ ಕರೆಯುವ ಪದ್ಧತಿ ನಮ್ಮಲ್ಲಿ. ಆ ವರ್ಷ ಸಂಘದ ಗಂಡಹೆಂಡತಿ ಇಬ್ಬರನ್ನು ಕರೆದಿದ್ದರು, ಬೆಳಗಾವಿ ಕಡೆಯವರು. ಊಟ ಮುಗಿಯುತ್ತ ಬಂದಿತ್ತು. ಅತ್ತೆ ಎಂದಿನಂತೆ ಕತೆ ಹೇಳಿದಳು. ಕಾರ್ಡು, ಮಳೆ, ಲೋಂಡಾ. ಬಂದ ಹೆಂಗಸು ಕಣ್ಣೊರೆಸಿಕೊಂಡು, ಸುಮ್ಮನಿರಲಾರದೆ ನನ್ನ ಕಡೆ ತಿರುಗಿ, 'ನಿಮ್ಮ ಯಜಮಾನ್ರು ಎಲ್ಲಿರ್ತಾರ್ರಿ?' ಅಂದಳು.

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಅಂದಳು. 'ಅಂವ ಬಾಣೇರದಾಗ ಇರ್ತಾನ್ರಿ, ಇನ್ನೊಬ್ಬಾಕಿ ಜೋಡಿ. ನಮ್ಮ ಅಪ್ಪ ದೇಶಾ ದಾಟಿ ಬಂದ. ಈಕಿ ಗಂಡಗ ನಡುವಿನ ಚಾಂದಣಿ ಚೌಕ ದಾಟೂದ ಆಗವಲ್ದು. ಮನ್ಯಾಗ ಏನರ ಎಳಕೊಳ್ಳೂವಂಥಾದ್ದು ಇದ್ರ ಗಂಡಸು ಬರತಾನ್ರಿ.'

ಬಂದವರು ಎಲೆ ನೋಡುತ್ತ ಕೂತರು. ನಾನು ಎದ್ದು ಕೈ ತೊಳೆದೆ. ಒಳಗಿನಿಂದ ಲ್ಯಾಪ್‌ಟಾಪು ತಂದು ಹಾಲಿನ ಟೀವಿಗೆ ಜೋಡಿಸಿದೆ. 'ನಕಾಶೆ ತಯಾರಾಗೇದ, ಎಲ್ಲಾರೂ ನೋಡ್ರಿ,' ಅಂದೆ. ನನ್ನ ದನಿ ನನಗೇ ಮೆತ್ತಗೆ ಕೇಳಿಸಿತು. ಅಪ್ಪ ಅರ್ಧ ಎದ್ದರು. 'ಈಗ ಬ್ಯಾಡ. ಆಮ್ಯಾಲೆ.' ಬೇಡ ಅಂದದ್ದಕ್ಕೇ ನನಗೆ ಇನ್ನೂ ಏರಿತು.

ಸಾಲೆಯ ಮಾಸ್ತರಂತೆ ಒಂದೊಂದೇ ತೋರಿಸಿದೆ. ಇದು ಬಂದರ. ಇದು ಗಡಿ. ಈಚೆ ಮೈಲು, ಆಚೆ ಕಿಲೋಮೀಟರು. ಚೀಟಿ ಬರೆದವನು ಆಚೆಯವನು. ಈಗ ಎಪ್ಪತ್ತು ಎಣಿಸೋಣ. ಪರದೆಯ ಮೇಲೆ ಕೆಂಪು ಚುಕ್ಕೆಯನ್ನು ಲೋಂಡಾದಿಂದ ಎಳೆದುಕೊಂಡು ಹೋದೆ. ಗಡಿ ದಾಟಿಸಿದೆ, ಘಟ್ಟ ಇಳಿಸಿದೆ, ಚಾಳಿನ ಮುಂದೆ ತಂದು ಬಿಟ್ಟೆ.

'ಇಲ್ಲಿ ಸತ್ತಾನ ಅತ್ತಿ ನಿಮ್ಮಪ್ಪ. ಹೊಂಟ ಬಂದಿರಲಿಲ್ಲ. ನೀ ಕರದಿದ್ದಿ, ಅಂವ ಬರಲಿಲ್ಲ. ನನ್ನ ಗಂಡನ ಹಂಗನ.'

ಅತ್ತೆ ಟೀವಿ ನೋಡಲೇ ಇಲ್ಲ, ಅಪ್ಪನನ್ನು ನೋಡಿದಳು. ನಾನೂ ನೋಡಿದೆ. ಅಪ್ಪ ಬಗ್ಗಿ ಎಲೆಯ ಮೇಲಿನ ಒಂದು ಅಗುಳನ್ನು ಬೆರಳಿನಿಂದ ಆಚೆ ಸರಿಸಿ ಈಚೆ ಸರಿಸುತ್ತಿದ್ದರು. ಆಗ ನನಗೆ ಹೊಳೆಯಿತು. ಗಡಿಯ ಆಚೆ ಕಿಲೋಮೀಟರು ಎಂದು ತನ್ನ ಕೈಯಾರೆ ಬರೆದ ಡ್ರಾಫ್ಟ್ಸ್‌ಮನ್ನಿಗೆ ಆ ಒಂದು ಚುಕ್ಕೆ ಗೊತ್ತಿಲ್ಲದೆ ತಪ್ಪಿತ್ತೇ? ಮೊದಲೇ ಹೊಳೆಯಬೇಕಿತ್ತು. ಸಿಟ್ಟು ಬಂದಾಗ ನನ್ನ ಬುದ್ಧಿ ಅಷ್ಟೇ.

'ನಿನಗ ಗೊತ್ತಿತ್ತೇನೋ?' ಅತ್ತೆ ಕೇಳಿದಳು.

'ಅಕ್ಕಾ, ಮೊದಲ ಊಟಾ ಮಾಡು.'

'ಕೇಳಿದ್ದಕ್ಕ ಹೇಳು.'

'ಗೊತ್ತಿತ್ತು.'

'ಎಂದಿನಿಂದ?'

'ನಕಾಶೆ ಬರದಾಗಿನಿಂದ.'

ಅಂದರೆ ಮೂವತ್ತೈದು ವರ್ಷ. ಮೂವತ್ತೈದು ವರ್ಷ ನನ್ನ ಅಪ್ಪ ಏನೂ ಇಲ್ಲದ ತಿರುವಿನಲ್ಲಿ ನಿಂತು, ಕಂಬ ಎಣಿಸುವ ನಾಟಕ ಮಾಡಿ, ಅಕ್ಕನ ಸಲುವಾಗಿ ಅನ್ನ ಎಸೆದಿದ್ದರು. ತಾನು ಹುಟ್ಟಿದ ಸುದ್ದಿ ಕೇಳಿಯೂ ಬಾರದ ಅಪ್ಪನಿಗೆ. ಅತ್ತೆ ಎದ್ದಳು, ಎಲೆ ಮಡಚಿದಳು, ಬಂದವರಿಗೆ 'ಮಜ್ಜಿಗಿ ಹಾಕ್ಕೋರಿ' ಅಂದಳು. ಒಳಗೆ ಹೋದವಳು ಸಂಜೆಯ ತನಕ ಹೊರಗೆ ಬರಲಿಲ್ಲ.

ಅಪ್ಪ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಚಹಾ ಕುಡಿಯುತ್ತ, 'ನನ್ನ ಸರ್ವಿಸಿನಾಗ ಬೇಕಂತ ತಪ್ಪಿಸಿ ಹಾಕಿದ್ದು ಅದೊಂದ ಗುರುತು,' ಅಂದರು. 'ಅದನ್ನ ಹುಡುಕಿದಿ.' ಹಾಲಿನಿಂದ ನಕಾಶೆ ಇಳಿಸಿ ಕಪಾಟಿನ ಹಿಂದೆ ಇಟ್ಟರು. ಪ್ರದರ್ಶನಕ್ಕೆ ಕೊಡಲಿಲ್ಲ.

ನಾನು ನನಗೇ ಒಂದು ಸಮಾಧಾನ ಹೇಳಿಕೊಂಡೆ: ಅಪ್ಪನನ್ನು ಕೊಂದೆ ಎಂಬ ಭಾರ ಅವಳ ತಲೆಯಿಂದ ಇಳಿಸಿದೆನಲ್ಲ, ಒಳ್ಳೆಯದೇ ಆಯಿತು. ಎಂಥ ಮಾತು! ಅಪ್ಪನನ್ನು ಕೊಂದ ಮಗಳಾಗಿರಲು ಅವಳಿಗೆ ಅಡ್ಡಿಯಿರಲಿಲ್ಲ. ಅಪ್ಪ ಕಿವಿಗೆ ಹಾಕಿಕೊಳ್ಳದ ಮಗಳಾಗಿ ಒಂದು ದಿನವೂ ಬದುಕಿ ಗೊತ್ತಿರಲಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಮಾಡಿದ್ದೆ.

ಆಮೇಲೆ ಅತ್ತೆ ನನಗೆ ಒಂದು ಮಾತೂ ಚುಚ್ಚಲಿಲ್ಲ. ಡಬ್ಬಿ ಕಟ್ಟಿಕೊಟ್ಟಳು, ಬಂದಾಗ ಬಾಗಿಲು ತೆಗೆದಳು. ಸೊಸೈಟಿಯ ಹೆಂಗಸರ ಜೊತೆ ಕೂರುವುದು ಬಿಟ್ಟಳು. ಧಾರವಾಡದಲ್ಲಿ ಮದುವೆ ಬಂತು, ಒಲ್ಲೆ ಅಂದಳು. ಬರಬರುತ್ತ ಊಟ ಕಡಿಮೆಯಾಯಿತು. ಡಾಕ್ಟರು ರಕ್ತ ತೆಗೆಸಿ, ಎದೆಯ ಫೋಟೋ ತೆಗೆಸಿ, ವಯಸ್ಸಾಗಿದೆ ಅಂದರು. ವಯಸ್ಸು ಹೋದ ವರ್ಷವೂ ಆಗಿತ್ತು. ಹೋದ ವರ್ಷ ಅವಳು ಕರ್ವೆ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರನ ಜೊತೆ ಜಗಳಾಡಿ ಗೆದ್ದು ಬಂದಿದ್ದಳು.

ಬೇಸಿಗೆಯ ಒಂದು ಮಧ್ಯಾಹ್ನ. ಅಪ್ಪ ಔಷಧಿ ತರಲು ಹೋಗಿದ್ದರು. ನಾನು ಅವಳ ಮಂಚದ ಹತ್ತಿರ ಕುರ್ಚಿ ಹಾಕಿಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದೆ. ನಿದ್ದೆ ಹತ್ತಿದೆ ಅಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು.

'ನಿನ್ನ ಅಳತಿ ತಪ್ಪಿರಬಹುದೇನ?'

ಇಷ್ಟು ದಿನದಲ್ಲಿ ಮೊದಲ ಸಲ ಆ ಮಾತು ತೆಗೆದಿದ್ದಳು. ಗುಮಾಸ್ತ ನಮ್ಮ ಕಡೆಯವನೇ ಇದ್ದನೋ ಏನೋ, ಮೈಲೇ ಬರೆದಿದ್ದನೋ ಏನೋ, ಯಾರು ನೋಡಿದ್ದಾರೆ? ಹಾಗೆಂದರೆ ಸಾಕಿತ್ತು, ಸುಳ್ಳೂ ಆಗುತ್ತಿರಲಿಲ್ಲ. ನನಗೆ ಯೋಚಿಸಲು ಸಾಕಷ್ಟು ಹೊತ್ತೂ ಇತ್ತು. ಅವಳಿಗೆ ಅವಸರ ಇರಲಿಲ್ಲ.

'ಇಲ್ಲ ಅತ್ತಿ. ಅಳತಿ ಬರೋಬರಿ ಅದ.'

ಅವಳು ತಲೆ ಆಡಿಸಿದಳು. ಮೇಲೆ ಫ್ಯಾನು ತಿರುಗುತ್ತಿತ್ತು. ಮತ್ತೆ ಕೇಳಿದಳು. ಈ ಸಲ ಕಣ್ಣು ತೆಗೆದಿದ್ದಳು, ದನಿ ಸಣ್ಣಗಿತ್ತು. ಅಷ್ಟು ವರ್ಷದಲ್ಲಿ ಅವಳು ಏನನ್ನಾದರೂ ಬೇಡಿದ್ದನ್ನು ನಾನು ಕಂಡಿರಲಿಲ್ಲ.

'ಮರುದಿನಾ ಹೊರಡಾಂವ ಇದ್ದನೋ ಏನೋ?'

ಇದ್ದಿರಬಹುದು. ಈ ಒಂದೇ ಶಬ್ದ ಸಾಕಿತ್ತು. ಯಾವ ನಕಾಶೆಯೂ ಅದನ್ನು ಸುಳ್ಳು ಅನ್ನುತ್ತಿರಲಿಲ್ಲ. ಆ ಶಬ್ದ ನನ್ನ ಬಾಯಿಯ ತನಕ ಬಂತು ಎಂದು ಬರೆಯಬೇಕೆಂದು ಆಸೆಯಾಗುತ್ತದೆ. ಬರಲಿಲ್ಲ. ನೆನಪಿಗೆ ಬಂದದ್ದು ಬಾಣೇರದ ಮಾತು, ಊಟಕ್ಕೆ ಬಂದವರು ಎಲೆ ನೋಡುತ್ತ ಕೂತದ್ದು, ಇಲಿಬಾಲ.

'ಅದು ನಕಾಶೆದಾಗ ಇರೂದಿಲ್ಲ ಅತ್ತಿ,' ಅಂದೆ.

'ಖರೇ,' ಅಂದಳು. ಚಾದರ ಮೇಲೆ ಎಳೆಯಲು ಹೇಳಿದಳು, ಎಳೆದೆ. ಐದನೆಯ ದಿನ ಹೋದಳು.